ಎಸ್ ಎಂದು ಬರೆದ ಪಕ್ಕಾಸುಗಳು

ನವೆಂಬರ್ ಮೊದಲ ಶನಿವಾರ ಮಧ್ಯಾಹ್ನ ಗುನ್ವೋರ್ ತನ್ನ ಗಂಡ ತೂರೆಯನ್ನು ಕಾರಿನಲ್ಲಿ ಕೂರಿಸಿಕೊಂಡು ದೋಣಿ ಕ್ಲಬ್ಬಿನ ಅಂಗಳಕ್ಕೆ ಬಂದಳು. ಸಂಜೆಗೆ ಈಶಾನ್ಯದಿಂದ ಗಾಳಿ, ಜೊತೆಗೆ ಒದ್ದೆ ಹಿಮ ಎಂದು ರೇಡಿಯೊ ಹೇಳಿತ್ತು. ಬೇರೆಯವರ ಹಾಯಿದೋಣಿಗಳೆಲ್ಲ ನೀರಿನಿಂದ ಮೇಲೆ ಬಂದು, ಚಳಿಗಾಲದ ಹೊದಿಕೆ ಹೊದ್ದು ಸಾಲಾಗಿ ನಿಂತಿದ್ದವು. ದಡಕ್ಕೆ ಬಂದಿದ್ದರೂ ತೂರೆಯದೊಂದೇ ಬರಿಮೈಯಲ್ಲಿತ್ತು.

ತೂರೆಗೆ ಆಗಸ್ಟ್‌ನಲ್ಲಿ ಪಾರ್ಶ್ವವಾಯು ಬಡಿದಿತ್ತು. ಬಲಗೈ ಏಳುತ್ತಿರಲಿಲ್ಲ. ಮಾತೆಲ್ಲ ಹೋಗಿ ‘ಹೌದು’ ಎಂಬ ಒಂದು ಪದ ಉಳಿದಿತ್ತು. ಕಾಫಿ ಬೇಕಾದರೂ ಹೌದು, ಬೇಡವಾದರೂ ಹೌದು. ದನಿಯ ಏರಿಳಿತ ಗಮನಿಸಿ ಎಂದು ಮಾತಿನ ಚಿಕಿತ್ಸೆ ಕೊಡುವಾಕೆ ಹೇಳಿದ್ದಳು. ಗುನ್ವೋರ್ ಗಮನಿಸುತ್ತಿದ್ದಳು. ಆದರೂ ಆಗಾಗ ತಪ್ಪುತ್ತಿತ್ತು.

ದೋಣಿ ಮರದ್ದು, ತೂರೆಯ ತಂದೆ ಕಟ್ಟಿದ್ದು. ಹಿಮ ಕರಗಿದ ನೀರು ಹಲಗೆಗಳ ಸಂದಿಗಿಳಿದು ಹೆಪ್ಪುಗಟ್ಟಿದರೆ ಹಲಗೆ ಸೀಳುತ್ತದೆ. ಸೀಳಿದ್ದನ್ನು ಸರಿಪಡಿಸುತ್ತಿದ್ದ ಕೈ ಈಗ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಮಾರಿಬಿಡೋಣವೇ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಅವನು ‘ಹೌದು’ ಎಂದು ಅತ್ತಿದ್ದ. ಮಾರುವುದಿಲ್ಲ, ವಸಂತದಲ್ಲಿ ನೀರಿಗಿಳಿಸೋಣ ಎಂದು ಅವಳು ಮಾತು ಕೊಟ್ಟಿದ್ದಳು.

ಹೊದಿಕೆಯ ಕೆಳಗಿನ ಚೌಕಟ್ಟನ್ನು ಪ್ರತಿವರ್ಷ ತೂರೆ ಒಬ್ಬನೇ ನಿಲ್ಲಿಸುತ್ತಿದ್ದ. ದೋಣಿಯ ಉದ್ದಕ್ಕೂ ಒಂದು ನಡುತೊಲೆ, ಅದರಿಂದ ಎರಡೂ ಅಂಚಿಗೆ ಮನೆಯ ಮಾಡಿನಂತೆ ಇಳಿಯುವ ಪಕ್ಕಾಸುಗಳು, ಅವು ಬಾಗದಂತೆ ಓರೆಯಾಗಿ ಆನಿಸುವ ಊರೆಗಳು. ಆ ಹೊತ್ತಿಗೆ ಗುನ್ವೋರ್ ಒಳಗಿನ ಹಾಸಿಗೆ, ಪಾತ್ರೆ ಮನೆಗೆ ಸಾಗಿಸುತ್ತಿದ್ದಳು. ಚೌಕಟ್ಟಿನ ಕಡೆ ಅವಳು ನೋಡಿದ್ದೇ ಇಲ್ಲ. ಹಾಗಾಗಿ ಪಕ್ಕದ ದೋಣಿಯ ಎಸ್ಕಿಲ್‌ನನ್ನು ಕರೆದಿದ್ದಳು. ಎಸ್ಕಿಲ್‌ನದು ಪ್ಲಾಸ್ಟಿಕ್ ದೋಣಿ, ಅಂಗಡಿಯ ಅಲ್ಯೂಮಿನಿಯಂ ಚೌಕಟ್ಟು. ಅದರ ಬಗ್ಗೆ ತೂರೆ ಇಪ್ಪತ್ತು ವರ್ಷದಿಂದ ತಮಾಷೆ ಮಾಡಿಕೊಂಡು ಬಂದಿದ್ದ.

ನೆಲ ಜಾರುತ್ತಿದ್ದುದರಿಂದ ತೂರೆಯನ್ನು ಕಾರಿನಲ್ಲೇ, ದೋಣಿ ಕಾಣುವಂತೆ ಕೂರಿಸಿ ಗಾಜು ಇಳಿಸಿದರು. ಚೌಕಟ್ಟಿನ ಮರಗಳ ಕಟ್ಟು ಬಿಚ್ಚಿದಾಗ ಅರ್ಧದಷ್ಟು ಪಕ್ಕಾಸುಗಳ ಬುಡದಲ್ಲೂ ಎಲ್ಲ ಊರೆಗಳ ಮೇಲೂ ಎಸ್ ಎಂಬ ಅಕ್ಷರ ಕಾಣಿಸಿತು. ಉಳಿದ ಪಕ್ಕಾಸುಗಳಿಗೆ ಗುರುತಿರಲಿಲ್ಲ. ಇಬ್ಬರಿಗೂ ಅನುಮಾನವೇ ಬರಲಿಲ್ಲ. ದೋಣಿ ನಡೆಸುವವರಿಗೆ ಎಸ್ ಎಂದರೆ ಸ್ಟೀರ್‌ಬೋರ್ಡ್, ದೋಣಿಯ ಬಲಬದಿ. ಎಸ್ ಇದ್ದವನ್ನು ಬಲಕ್ಕೆ, ಇಲ್ಲದವನ್ನು ಎಡಕ್ಕೆ ಇಟ್ಟರು. ಎಲ್ಲವೂ ಅಳತೆ ತೆಗೆದಂತೆ ಕೂತವು.

ಕಾರಿನಿಂದ ತೂರೆ ‘ಹೌದು’ ಎಂದ.

“ನೋಡು, ಕ್ಯಾಪ್ಟನ್ ಪಾಸ್ ಮಾಡಿಬಿಟ್ಟ,” ಎಂದ ಎಸ್ಕಿಲ್. “ಇಷ್ಟು ಸುಲಭಕ್ಕೆ ನನ್ನ ಯಾವತ್ತೂ ಒಪ್ಪಿದೋನಲ್ಲ ಇವನು.”

ಬಲಬದಿಯ ಪಕ್ಕಾಸುಗಳು ದಪ್ಪ, ಅವಕ್ಕೆಲ್ಲ ಊರೆಗಳು. ಎಡಗಡೆಯವು ತೆಳು, ಊರೆಗಳೂ ಇಲ್ಲ.

“ಬಲಗಡೆಗೆ ಮಾತ್ರ ಯಾಕಪ್ಪಾ ಇಷ್ಟು ಉಪಚಾರ?” ಎಂದು ಎಸ್ಕಿಲ್ ಕೂಗಿ ಕೇಳಿದ. “ಎಡಗಡೆಯೋರು ಮಲಮಕ್ಕಳಾ?”

ತೂರೆ ‘ಹೌದು, ಹೌದು’ ಎಂದು ಎಡಗೈಯಿಂದ ಕಾರಿನ ಬಾಗಿಲು ಬಡಿದ. ಮರ ಸಾಲದೆ ಹೋಗಿರಬೇಕು, ಇದ್ದುದರಲ್ಲೇ ಹೊಂದಿಸಿದ್ದಾನೆ ಎಂದಳು ಗುನ್ವೋರ್. ಅವನು ಒಂದು ಹಲಗೆಚೂರನ್ನೂ ಎಸೆಯುತ್ತಿರಲಿಲ್ಲ, ಹಾಗಾಗಿ ಆ ಮಾತು ಸರಿಯೆನಿಸಿತು. ತೂರೆ ಸಮುದ್ರದ ಕಡೆ ಕೈ ಚಾಚಿ ಮತ್ತೆ ‘ಹೌದು’ ಎಂದ.

“ಗಾಳಿ ಬರ್ತಿದೆ, ಬೇಗ ಮಾಡ್ರಿ ಅಂತಾನೆ,” ಎಂದ ಎಸ್ಕಿಲ್. “ಗೊತ್ತು ಕಣಯ್ಯಾ, ನಮಗೂ ಕಣ್ಣಿದೆ.”

ಇಬ್ಬರೂ ಕೈ ಚುರುಕು ಮಾಡಿದರು. ಹೊದಿಕೆ ಎಳೆದು, ದೋಣಿಯ ಹೊಟ್ಟೆಯಡಿ ಹಗ್ಗ ಹಾಯಿಸಿ ಬಿಗಿದರು. ಒಂದು ಊರೆ ನೆಲದ ಮೇಲೆ ಉಳಿದುಹೋಯಿತು. ಬಿಚ್ಚಿ ಜೋಡಿಸಿದಾಗ ಏನಾದರೂ ಉಳಿಯದಿದ್ದರೆ ಅದು ಕೆಲಸವೇ ಅಲ್ಲ ಎಂದು ನಗುತ್ತ ಎಸ್ಕಿಲ್ ಹೊರಟ. ದ್ವೀಪದಲ್ಲಿದ್ದ ತಂಗಿಯ ಮನೆಗೆ ಊಟಕ್ಕೆ ಹೋಗಬೇಕಿತ್ತು, ಕೊನೆಯ ಫೆರಿ ಹಿಡಿಯಬೇಕಿತ್ತು. ನಾಳೆ ಬೆಳಿಗ್ಗೆ ಬಂದು ನೋಡುತ್ತೇನೆ ಎಂದ.

ಗುನ್ವೋರ್ ಕಾರಿಗೆ ಬಂದು ಫ್ಲಾಸ್ಕಿನ ಕಾಫಿ ಬಗ್ಗಿಸಿದಳು. ತೂರೆ ಲೋಟ ತಳ್ಳಿದ. ಕೆನ್ನೆ ಒದ್ದೆಯಾಗಿತ್ತು. ಸುಸ್ತಾಯಿತೇ, ಮನೆಗೆ ಹೋಗೋಣವೇ ಎಂದರೆ ‘ಹೌದು’ ಎನ್ನುತ್ತಲೇ ಬಾಗಿಲು ತೆರೆದು ಕಾಲು ಹೊರಗಿಟ್ಟ. ಅವಳು ಭುಜ ಕೊಟ್ಟು ನಡೆಸಿಕೊಂಡು ಹೋದಳು. ಹಿಮ ಶುರುವಾಗಿತ್ತು. ಉಳಿದ ಊರೆಯ ಹತ್ತಿರ ಅವನು ನಿಂತು, ಊರುಗೋಲಿನ ತುದಿಯಿಂದ ಅದರ ಮೇಲಿನ ಹಿಮ ಸರಿಸಿದ. ಎಸ್ ಕಾಣಿಸಿತು. ಕೋಲನ್ನು ಆ ಅಕ್ಷರದ ಮೇಲಿಟ್ಟ. ಆಮೇಲೆ ಎತ್ತಿ, ದೋಣಿಯ ಎಡಬದಿಯಾಚೆ ಕಪ್ಪಾಗುತ್ತಿದ್ದ ನೀರಿನತ್ತ ಚಾಚಿದ. ಮತ್ತೆ ಅಕ್ಷರದ ಮೇಲಿಟ್ಟ.

ದೋಣಿ ಪ್ರತಿವರ್ಷ ಇದೇ ಜಾಗದಲ್ಲಿ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಸಮುದ್ರ ಯಾವಾಗಲೂ ಎಡಕ್ಕೆ.

“ಸಮುದ್ರ,” ಎಂದಳು ಗುನ್ವೋರ್. “ಎಸ್ ಅಂದ್ರೆ ಸಮುದ್ರದ ಕಡೆ.”

“ಹೌದು,” ಎಂದ ತೂರೆ.

ಗಟ್ಟಿ ಪಕ್ಕಾಸುಗಳೆಲ್ಲ ಗಾಳಿಯಿಲ್ಲದ ಬದಿಗಿದ್ದವು. ಗಾಳಿ ಬರುವ ಬದಿಗೆ ತೆಳುವಾದವು. ಅವಳು ಒಂದು ಗಂಟು ಹಿಡಿದಳು. ಒದ್ದೆ ಹಗ್ಗ ಆಗಲೇ ಸೆಟೆದಿತ್ತು, ಉಗುರು ಇಳಿಯಲಿಲ್ಲ. ಬಿಚ್ಚಿದರೂ ಆ ಗಾಳಿಯಲ್ಲಿ ಹೊದಿಕೆಯನ್ನು ಒಬ್ಬಳೇ ಹಿಡಿಯಲಾಗುತ್ತಿರಲಿಲ್ಲ. ಎಸ್ಕಿಲ್‌ಗೆ ಫೋನ್ ಮಾಡಿದಳು. ಫೆರಿ ನಡುನೀರಿನಲ್ಲಿತ್ತು.

ತೂರೆಯನ್ನು ಕಾರಿನಲ್ಲಿ ಕೂರಿಸಿ, ಆ ಒಂದು ಊರೆಯನ್ನೂ ದೋಣಿಯಡಿ ಇಟ್ಟಿದ್ದ ಎರಡು ಹುಟ್ಟುಗಳನ್ನೂ ಹಿಡಿದು ಏಣಿ ಹತ್ತಿ ಹೊದಿಕೆಯೊಳಗೆ ನುಸುಳಿದಳು. ಎಡಗಡೆಯ ಪಕ್ಕಾಸುಗಳಿಗೆ ಅವನ್ನು ಒಂದೊಂದಾಗಿ ಆನಿಸಿದಳು. ಇದ್ದದ್ದು ಮೂರು ಪಕ್ಕಾಸುಗಳಿಗೆ ಸಾಕಾಯಿತು. ಉಳಿದವು ಪ್ರತಿ ಬೀಸಿಗೂ ಒಳಕ್ಕೆ ಬಾಗುತ್ತಿದ್ದವು. ಹೊದಿಕೆಯ ಮೇಲೆ ಒದ್ದೆ ಹಿಮ ಮೆತ್ತಿಕೊಳ್ಳುವ ಸದ್ದು ಕೇಳುತ್ತಿತ್ತು. ಮುಂದಿನದೊಂದು ಚಟ್ಟನೆ ಮುರಿಯಿತು. ಅದರ ಪಕ್ಕದ್ದಕ್ಕೆ ಅವಳು ಬೆನ್ನು ಕೊಟ್ಟು ಕೂತಳು.

ಕೆಳಗೆ ಕಾರಿನ ಬಾಗಿಲು ತೆರೆದ ಸದ್ದಾಯಿತು. ಕೋಲಿನ ಸದ್ದು ದೋಣಿಯ ಹತ್ತಿರ ಬಂದು ನಿಂತಿತು.

“ತೂರೆ, ಜಾರ್ತೀಯ, ವಾಪಸ್ ಹೋಗಿ ಕೂತ್ಕೋ,” ಎಂದಳು. ಅವನು ಕದಲಲಿಲ್ಲ. ಅವಳು ಬೆನ್ನು ಒತ್ತಿಕೊಂಡೇ ಕೇಳಿದಳು: “ಇದು ನಿಲ್ಲತ್ತಾ?”

“ಹೌದು.”

ದನಿ ಏರಿತೋ ಇಳಿಯಿತೋ ಗಾಳಿಯಲ್ಲಿ ತಿಳಿಯಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದಳು.

“ಹೌದು,” ಎಂದ ತೂರೆ.