ಎರಡು ಲೈನಿನ ಮನೆ

ಬೀದಿಯವರೆಲ್ಲ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಕೊಪ್ಪರಿಗೆ ಇಟ್ಟುಕೊಂಡು ಬಟ್ಟೆಗೆ ಬಣ್ಣ ಹಾಕುವುದು ಅವಳ ಕಸುಬು. ಇಪ್ಪತ್ತು ವರ್ಷದಿಂದ ಅವಳ ಉಗುರಿನ ಸಂದಿ ಒಂದು ದಿನವೂ ಬೆಳ್ಳಗಿದ್ದದ್ದಿಲ್ಲ.

ಆ ಸಲ ಒಂದು ನಾಟಕದ ತಂಡದಿಂದ ಕೆಲಸ ಬಂತು. ರಂಗದ ಹಿಂದೆ ಇಳಿಬಿಡುವ ಆಕಾಶದ ಪರದೆ. ಹನ್ನೆರಡು ಉದ್ದನೆಯ ಪಟ್ಟಿ, ಎಲ್ಲವೂ ಒಂದೇ ನೀಲಿ. ಬಣ್ಣದಕ್ಕ ಹಿಂದುಮುಂದು ನೋಡದೆ ಒಪ್ಪಿಕೊಂಡಳು. ಧೈರ್ಯಕ್ಕೆ ಕಾರಣ ಹೊಸ ನೀರು. ಮೂರು ತಿಂಗಳ ಹಿಂದೆ ರಸ್ತೆ ಅಗೆದು ಹೊಸ ಪೈಪು ಹಾಕಿದ್ದರು. ಕೆರೆಯ ನೀರನ್ನು ಶುದ್ಧ ಮಾಡಿ ಬಿಡುತ್ತಿದ್ದರು. ಅದಕ್ಕೆ ಮುಂಚೆ ಬೀದಿಗೆಲ್ಲ ಬೋರ್‌ವೆಲ್ಲಿನ ಗಡಸು ನೀರು. ಸೋಪು ತಿಕ್ಕಿ ತಿಕ್ಕಿ ಕೈ ಸೋಲಬೇಕು, ನೊರೆ ಬರುತ್ತಿರಲಿಲ್ಲ. ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಆ ನೀರನ್ನು ಮೆದು ಮಾಡುವ ಪುಡಿ ಬೆರೆಸದೆ ಬಣ್ಣ ಕರಗಿಸುವ ಹಾಗಿರಲಿಲ್ಲ. ಹೊಸ ನೀರು ಬಂದ ಮೇಲೆ ಅವಳು ಆ ಪುಡಿಯ ಡಬ್ಬವನ್ನು ಅಟ್ಟಕ್ಕೇರಿಸಿ ನಿರಾಳವಾಗಿದ್ದಳು.

ಹನ್ನೆರಡೂ ಪಟ್ಟಿ ಒಣಗಿದ ಮೇಲೆ ತಂಡದ ಮ್ಯಾನೇಜರ್ ನೋಡಲು ಬಂದ. ಅಂಗಳದಲ್ಲಿ ಒಂದರ ಪಕ್ಕ ಒಂದು ಹಾಸಿದರು. ಏಳು ಪಟ್ಟಿ ಕಣ್ಣು ತಂಪಾಗುವಂಥ ನೀಲಿ. ಐದು ಮಂಕು ಹಿಡಿದಿದ್ದವು, ಅಲ್ಲಲ್ಲಿ ಚುಕ್ಕೆ ಬೇರೆ.

"ಏನಕ್ಕಾ ಇದು? ಆಕಾಶಕ್ಕೆ ಕಜ್ಜಿ ಬಂದಂಗಿದೆಯಲ್ಲ!"

"ಒಂದೇ ಡಬ್ಬದ ಬಣ್ಣ, ಒಂದೇ ಅಳತೆ," ಎಂದಳು ಬಣ್ಣದಕ್ಕ. ತನ್ನ ದನಿ ತನಗೇ ನಂಬಿಕೆ ಬರುವಂತಿರಲಿಲ್ಲ. "ಐದನ್ನೂ ಮತ್ತೆ ಮಾಡಿಕೊಡ್ತೀನಿ. ಹದಿನೈದು ದಿನ ಟೈಮ್ ಕೊಡಿ."

ಆಮೇಲೆ ಅವಳು ಎಲ್ಲವನ್ನೂ ಸಂಶಯದಿಂದ ನೋಡತೊಡಗಿದಳು. ತಕ್ಕಡಿ ಸರಿಯಿಲ್ಲವೇನೋ ಎಂದು ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿ ತಂದಳು. ಕಣ್ಣಿಗೇ ಪೊರೆ ಬಂದಿರಬಹುದೆಂದು ಗಂಡನನ್ನು ಕರೆದು, "ಇದು ಯಾವ ಬಣ್ಣ ಹೇಳಿ ನೋಡೋಣ," ಎಂದಳು.

"ನೀಲಿ," ಎಂದ ಬಸ್ ಡಿಪೋದ ಮೆಕ್ಯಾನಿಕ್ ಆಗಿದ್ದ ಗಂಡ.

"ಇದು?"

"ಅದೂ ನೀಲಿನೇ. ನಿಂಗೇನಾಗಿದೆ?"

ಮನೆಯಲ್ಲಿ ಆಗಲೇ ಇನ್ನೊಂದು ತಲೆನೋವಿತ್ತು. ಅತ್ತೆಗೆ ನೆನಪು ಕೈಕೊಡತೊಡಗಿದೆ ಎಂದು ಡಾಕ್ಟರ್ ಹೇಳಿದ್ದರು. ಕನ್ನಡಕವನ್ನು ಅಕ್ಕಿ ಡಬ್ಬದಲ್ಲಿಡುವುದು, ಸೊಸೆಯನ್ನು ತೀರಿಹೋದ ತಂಗಿಯ ಹೆಸರಿನಿಂದ ಕೂಗುವುದು, ಹೀಗೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನೀರಿನ ಗಲಾಟೆ. ಮುದುಕಿ ಲೋಟ ಬಾಯಿಗಿಟ್ಟು ಮುಖ ಕಿವುಚುತ್ತಿದ್ದಳು. "ಇದು ನಮ್ಮನೆ ನೀರಲ್ಲ ಕಣೇ. ಯಾರ ಮನೇದು ತಂದೆ?" ಮಾರನೆಯ ದಿನ ಅದೇ ನಲ್ಲಿಯ ನೀರನ್ನು ಗಟಗಟನೆ ಕುಡಿದು, "ಹಾಂ, ಇವತ್ತು ಸರಿಯಾಗಿದೆ," ಎನ್ನುತ್ತಿದ್ದಳು. ಡಾಕ್ಟರ್ ತಲೆಯಾಡಿಸಿ ಅದನ್ನೂ ಬರೆದುಕೊಂಡಿದ್ದರು.

ಒಂದು ಬೆಳಿಗ್ಗೆ ಬಣ್ಣದಕ್ಕ ಶೆಡ್ಡಿನಲ್ಲಿ ಬಟ್ಟೆ ಜಾಲಾಡಿಸುತ್ತಿದ್ದಾಗ ಬಕೆಟ್ಟಿನ ತುಂಬ ನೊರೆ ಎದ್ದಿತು. ಎರಡು ದಿನದ ಹಿಂದೆ ಅಷ್ಟೇ ಸೋಪಿಗೆ ಮೊಸರು ಒಡೆದ ಹಾಗಿನ ಬಿಳಿ ಕೆನೆ ಮಾತ್ರ ಬಂದಿತ್ತು. ನೀರೇ ಬೇರೆಬೇರೆ ಇದೆಯೇ? ಹಾಗಾದರೆ ಅತ್ತೆ ಹೇಳಿದ್ದು... ಅವಳು ಒದ್ದೆ ಕೈಯಲ್ಲೇ ಒಳಗೋಡಿ ಕ್ಯಾಲೆಂಡರ್ ಇಳಿಸಿದಳು. ಬಣ್ಣ ಹಾಕಿದ ದಿನಗಳಿಗೆ ಅದರಲ್ಲಿ ಗುರುತು ಇದ್ದೇ ಇತ್ತು. ಅತ್ತೆ ಗಲಾಟೆ ಮಾಡಿದ ದಿನಗಳನ್ನೂ ಡಾಕ್ಟರಿಗೆ ತೋರಿಸಲೆಂದು ಅದರಲ್ಲೇ ಬರೆದಿಟ್ಟಿದ್ದಳು.

ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು. ಅತ್ತೆ ಮುಖ ಕಿವುಚಿದ ದಿನಗಳಲ್ಲೆಲ್ಲ ನೀಲಿ ಅಚ್ಚುಕಟ್ಟಾಗಿ ಬಂದಿತ್ತು. ಅತ್ತೆ ಸರಿಯಾಗಿದೆ ಎಂದು ಕುಡಿದ ದಿನಗಳಲ್ಲೇ ಬಟ್ಟೆ ಮಂಕಾಗಿತ್ತು. ಒಳ್ಳೆಯ ನೀರು ಕೆಟ್ಟದ್ದು, ಕೆಟ್ಟದ್ದು ಒಳ್ಳೆಯದು! ಇದಕ್ಕಿಂತ ಮುದುಕಿಗೆ ಮರೆವು ಎಂದುಕೊಳ್ಳುವುದೇ ಸುಲಭವಾಗಿತ್ತು.

ಆದರೂ ಮನಸ್ಸು ಕೇಳಲಿಲ್ಲ. ಅತ್ತೆ ಬೈದ ದಿನ ಒಂದು ಬಾಟಲಿ, ಮೆಚ್ಚಿದ ದಿನ ಒಂದು ಬಾಟಲಿ ತುಂಬಿಕೊಂಡು ನೀರಿನ ಆಫೀಸಿನ ಲ್ಯಾಬಿಗೆ ಹೋದಳು. ಅಲ್ಲಿನ ಹೆಂಗಸು ಎರಡರಿಂದಲೂ ಸ್ವಲ್ಪ ಸ್ವಲ್ಪ ಗಾಜಿನ ಪಾತ್ರೆಗೆ ಸುರಿದು, ಹನಿ ಹನಿಯಾಗಿ ಏನೋ ಬಿಟ್ಟು, ಬಣ್ಣ ತಿರುಗುವವರೆಗೆ ಎಣಿಸಿದಳು.

"ಇದರಲ್ಲಿ ಗಡಸುತನ ಎಪ್ಪತ್ತು. ಅದರಲ್ಲಿ ನಾನೂರ ಐವತ್ತು. ಎರಡನೇದು ಯಾವ ಊರಿಂದು?"

"ಎರಡೂ ನಮ್ಮ ಅಡುಗೆಮನೆ ನಲ್ಲೀದೇ."

"ತಮಾಷೆ ಮಾಡ್ಬೇಡಿ ಅಮ್ಮ."

"ತಮಾಷೆ ಮಾಡೋಕೆ ಎರಡು ಬಸ್ ಹತ್ತಿ ಬರ್ತಿದ್ನಾ?"

ಹೆಂಗಸು ಒಂದು ರಿಜಿಸ್ಟರ್ ತೆಗೆದು ಬೀದಿಯ ಪುಟ ತೋರಿಸಿದಳು. ಹಳೇ ಲೈನ್ ಮುಚ್ಚಲಾಗಿದೆ ಎಂದು ಬರೆದು, ಕೆಳಗೆ ರುಜು ಹಾಕಲಾಗಿತ್ತು.

"ಹಾಗಾದ್ರೆ ನನ್ನ ಬಾಟಲಿ ಸುಳ್ಳು ಹೇಳ್ತಿದೆಯಾ?"

"ಅದು ನಂಗೂ ಗೊತ್ತಾಗ್ತಿಲ್ಲ," ಎಂದಳು ಆಕೆ, ನಿಜವಾಗಿಯೂ ತಬ್ಬಿಬ್ಬಾಗಿ. "ಒಂದು ಮಾತ್ರ ಹೇಳ್ತೀನಿ. ಗಡಸು ನೀರಲ್ಲಿ ಸುಣ್ಣದಂಶ ಹೆಚ್ಚು, ಅಷ್ಟೇ. ಕುಡಿದ್ರೆ ಏನೂ ಆಗಲ್ಲ."

ಮರುದಿನ ಬೀದಿಗೆ ನೀರು ಬಿಡುವ ನೀರುಗಂಟಿಯನ್ನು ಅವಳು ದಾರಿಯಲ್ಲೇ ಅಡ್ಡಗಟ್ಟಿ, ಹಳೇ ಲೈನು ನಿಜವಾಗಿ ಮುಚ್ಚಿದೆಯಾ ಎಂದು ಕೇಳಿದಳು. ಅವನು ಮೊದಲು ಆಕಾಶ ನೋಡಿದ, ಆಮೇಲೆ ನೆಲ ನೋಡಿದ.

"ಮುಚ್ಚಿದೀವಿ ಅಂತ ಬರೆದಿದೀವಕ್ಕಾ. ಮುಚ್ಚಿಲ್ಲ. ಬೀದಿ ಕೊನೇಲಿ ನಾಲ್ಕು ಮನೆಯವರು ಹೊಸದು ಬೇಡ ಅಂತ ಹಟ ಹಿಡಿದ್ರು. ಅವರಿಗೆ ಹಳೇದ್ರಲ್ಲೇ ಬಿಡ್ತಾ ಇದೀನಿ."

"ಅದು ನಮ್ಮನೇಗೆ ಯಾಕೆ ಬರುತ್ತೆ?"

ಮನೆ ಮುಂದೆ ಅಗೆದು ನೋಡಿದಾಗ ಗೊತ್ತಾಯಿತು. ಹೊಸ ಪೈಪು ಜೋಡಿಸಿದವನು ಹಳೆಯ ಪೈಪಿನ ಬಾಯಿ ಕಟ್ಟುವುದನ್ನು ಮರೆತು, ಎರಡನ್ನೂ ಒಂದೇ ಕಡೆ ಸೇರಿಸಿ ಮಣ್ಣು ಮುಚ್ಚಿ ಹೋಗಿದ್ದ. ಯಾವ ಲೈನಿನಲ್ಲಿ ಒತ್ತಡ ಜಾಸ್ತಿಯೋ ಆ ದಿನ ಆ ನೀರು. ಅತ್ತೆ ಬಾಗಿಲಲ್ಲಿ ನಿಂತು ಗುಂಡಿಯೊಳಗೆ ಇಣುಕಿದಳು.

"ಯಾವುದು ಬೋರಿನದು?" ಎಂದಳು.

ನೀರುಗಂಟಿ ತೋರಿಸಿದ.

"ನಲವತ್ತೆರಡು ವರ್ಷ ಅದನ್ನೇ ಕುಡಿದಿದೀನಿ. ಇನ್ನೊಂದು ಸಪ್ಪೆ, ಔಷಧಿ ವಾಸನೆ."

ಬಣ್ಣದಕ್ಕ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿಬಿಟ್ಟಳು. ಮೂರು ತಿಂಗಳಿಂದ ಈ ಮನೆಯಲ್ಲಿ ನಡೆಯುತ್ತಿದ್ದುದನ್ನು ಸರಿಯಾಗಿ ಕಂಡುಹಿಡಿದವಳು ಅತ್ತೆ ಒಬ್ಬಳೇ. ಅವಳಿಗೇ ಮಾತ್ರೆ ನುಂಗಿಸಿದ್ದರು.

"ಹಳೇದನ್ನ ಮುಚ್ಚಿಬಿಡಪ್ಪ," ಎಂದ ಗಂಡ.

"ಬೇಡ," ಎಂದಳು ಬಣ್ಣದಕ್ಕ. "ಹೊಸದು ಶೆಡ್ಡಿಗೆ, ಬಚ್ಚಲಿಗೆ. ಹಳೇದಕ್ಕೆ ಅಡುಗೆಮನೇಲಿ ಬೇರೆ ನಲ್ಲಿ ಹಾಕಿಕೊಡು."

ನೀರುಗಂಟಿ ತಲೆ ಕೆರೆದುಕೊಂಡ. "ಹೇಗಕ್ಕಾ? ಕಾಗದದಲ್ಲಿ ಇಲ್ಲದ ಲೈನು ಅದು. ಇಲ್ಲದ ನೀರಿಗೆ ಯಾವ ಅರ್ಜಿ ಹಾಕ್ತೀರಿ?"

"ಇಲ್ಲದ್ದಕ್ಕೆ ಅರ್ಜಿ ಯಾಕಪ್ಪ ಬೇಕು?"

ಅವನು ಮತ್ತೆ ಗುಂಡಿಗಿಳಿದ. ಪೈಪು ತಿರುಗಿಸುವ ಪಾನಾ ಕೈಗೆತ್ತಿಕೊಂಡ. ಐದು ಪಟ್ಟಿಗಳೂ ಆ ವಾರವೇ ಸರಿಯಾದವು. ಮ್ಯಾನೇಜರ್ ಆಕಾಶವನ್ನು ಮಡಿಚಿಕೊಂಡು ಹೋದ.

ಮುಂದಿನ ತಿಂಗಳು ಅತ್ತೆಯನ್ನು ಕರೆದುಕೊಂಡು ಹೋಗಿ ಬಣ್ಣದಕ್ಕ ಡಾಕ್ಟರಿಗೆ ನಡೆದದ್ದೆಲ್ಲ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ಇವರ ನೆನಪು ಚೆನ್ನಾಗಿದೆ ಅಂತೀರಾ?"

ಹೌದು ಎನ್ನಲು ಬಾಯಿ ತೆರೆದಳು. ಆದರೆ ಅಂದು ಬೆಳಿಗ್ಗೆಯೇ ಅತ್ತೆ ಅವಳ ಕೈ ಹಿಡಿದು, ಯಾವ ಮನೆಯವಳಮ್ಮ ನೀನು ಎಂದು ಮೆಲ್ಲಗೆ ಕೇಳಿದ್ದಳು. ಕೇಳಿದ ಮರುಗಳಿಗೆ, ಸೊಸೆ ತಿಂಡಿ ತಿಂದಿಲ್ಲವೆಂದು ಗದರಿಸಿಯೂ ಇದ್ದಳು.

"ಗೊತ್ತಿಲ್ಲ ಡಾಕ್ಟ್ರೇ," ಎಂದಳು. "ನಾಲಿಗೆ ಮಾತ್ರ ನಮ್ಮೆಲ್ಲರಿಗಿಂತ ಸರಿಯಾಗಿದೆ. ಮಿಕ್ಕಿದ್ದು ನಂಗೆ ಅರ್ಥ ಆಗ್ತಿಲ್ಲ."

ಡಾಕ್ಟರ್ ಒಂದು ಮಾತ್ರೆ ಕಡಿಮೆ ಮಾಡಿ, ಆರು ತಿಂಗಳು ನೋಡೋಣ ಎಂದರು.

ಹೊರಗೆ ಬಂದದ್ದೇ ಅತ್ತೆ ಸೊಸೆಯ ತೋಳು ಹಿಡಿದು, "ಈ ಕಡೆ ಬಾರೇ, ಹತ್ತಿರ ಆಗುತ್ತೆ," ಎಂದು ಒಂದು ಸಂದಿಯೊಳಗೆ ನುಗ್ಗಿದಳು. ಬಣ್ಣದಕ್ಕನಿಗೆ ಗೊತ್ತಿಲ್ಲದ ಸಂದಿ ಅದು. ತಡೆಯಬೇಕೋ ಬೇಡವೋ ತಿಳಿಯದೆ ಹಿಂದೆಯೇ ನಡೆದಳು. ಬೈಂಡಿಂಗ್ ಅಂಗಡಿ ದಾಟಿತು, ಮರದ ಡಿಪೋ ದಾಟಿತು, ಎರಡು ತಿರುವು ಆಯಿತು. ಕೊನೆಗೆ ಬಸ್ ನಿಲ್ದಾಣ ಸಿಕ್ಕಿತು. ಅವರು ಯಾವಾಗಲೂ ಹತ್ತುವ ನಿಲ್ದಾಣ ಅದಾಗಿರಲಿಲ್ಲ, ಅದಕ್ಕಿಂತ ಒಂದು ಹಿಂದಿನದು. ಆದರೆ ಅವರ ಬಸ್ಸು ಅಲ್ಲಿಗೂ ಬಂತು, ಕಿಟಕಿಯ ಪಕ್ಕ ಇಬ್ಬರಿಗೂ ಜಾಗ ಸಿಕ್ಕಿತು.