ಡಂಗುರವಿಲ್ಲದ ಪಾಳ್ಯ

ತೋಟಿ ಬಚ್ಚಪ್ಪ ತಮಟೆ ಬಾರಿಸಿಕೊಂಡು, ಫಿರಂಗಿ ಹಾರಿಸುವ ದಿನವನ್ನು ಸಾರುತ್ತ ಊರೆಲ್ಲ ಸುತ್ತಿ ಕೊನೆಗೆ ಹೊಂಗೆಮರದ ಬುಡಕ್ಕೆ ಬಂದು ನಿಲ್ಲುತ್ತಿದ್ದ. ಅಲ್ಲಿ ಕಡೆಯ ಸಲ ಕೂಗಿ, ತಮಟೆಯನ್ನು ಹೆಗಲಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದ. ಮರದಿಂದಾಚೆ ಎರಡು ಫರ್ಲಾಂಗು ಬೀಳುನೆಲ. ಬೀಳಿನ ತುದಿಗೆ ಹತ್ತೊಂಬತ್ತು ಮನೆ. ಮನೆಗಳ ಬೆನ್ನಿಗೆ ಸುಣ್ಣ ಬಳಿದ ಕಲ್ಲುಗಳ ಸಾಲು. ಕಲ್ಲಿನಾಚೆ ಮಿಲಿಟರಿಯವರು ಫಿರಂಗಿ ಹಾರಿಸುವ ಬಯಲು.

೧೯೫೯ರ ಫೆಬ್ರವರಿಯ ಆ ಬೆಳಿಗ್ಗೆ ಹೊಂಗೆಮರದಡಿ ಕುಪ್ಪುಸ್ವಾಮಿ ಕಾದು ಕುಳಿತಿದ್ದ. ಅವನ ನಾಲ್ಕು ಆಡುಗಳು ಬೇಲಿಯ ಸೊಪ್ಪಿಗೆ ಕತ್ತು ಚಾಚಿದ್ದವು. ಬಚ್ಚಪ್ಪ ಕೂಗಿ ಮುಗಿಸಿ ಬೆನ್ನು ತಿರುಗಿಸಿದಾಗ ಕೇಳಿದ:

"ಇನ್ನು ನಾಲ್ಕು ಹೆಜ್ಜೆ ಮುಂದೆ ಬಂದು ಬಾರಿಸಿದ್ರೆ ನಿನ್ನ ಕೈ ಬಿದ್ದೋಗುತ್ತಾ ಬಚ್ಚಪ್ಪ?"

"ಕೈ ಬೀಳಾಕಿಲ್ಲ ಕುಪ್ಪಣ್ಣ, ಕೆಲ್ಸ ಓಗ್ತದೆ. ನಂಗೆ ಕೊಟ್ಟಿರೋ ಚೀಟಿನಾಗೆ ನಿಮ್ ಕೇರಿ ಎಸ್ರೇ ಇಲ್ಲ." ಬಚ್ಚಪ್ಪ ಊರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅಲ್ಲಿ ತಮಟೆ ಬಾರಿಸಿದ್ರೆ ಅಲ್ಲೊಂದು ಊರೈತೆ ಅಂತ ಒಪ್ಕೊಂಡಂಗೆ. ಅಂಗಂತ ಪಟೇಲ್ರೇ ಯೋಳವ್ರೆ."

ಕುಪ್ಪುಸ್ವಾಮಿಗೆ ಇದು ಹೊಸ ಸುದ್ದಿಯಲ್ಲ. ಆದರೂ ಐದು ತಿಂಗಳಿಂದ ಪ್ರತಿ ಸಲ ಬಂದು ಕೇಳುತ್ತಿದ್ದ. ಗಾಯದ ಹಕ್ಕಳೆಯನ್ನು ಕಿತ್ತು ನೋಡುವವನ ಹಾಗೆ.

ಅವನು ಮೂವತ್ತೆರಡು ವರ್ಷ ಕೋಲಾರದ ಚಿನ್ನದ ಗಣಿಯಲ್ಲಿ, ಕೋರಮಂಡಲ್ ಕಡೆ, ಬಂಡೆಯ ತೂತಿಗೆ ಮದ್ದು ತುಂಬಿ ಸಿಡಿಸುವ ಕೆಲಸ ಮಾಡಿದವನು. ಕೆಲಸದಿಂದ ನಿವೃತ್ತನಾದ ಮೇಲೆ ಗಣಿಯವರು ಕೊಟ್ಟ ಲೈನುಮನೆ ಬಿಡಬೇಕು, ಅದು ಕಟ್ಟಳೆ. ಎಲ್ಲಿಗೆ ಹೋಗುವುದೆಂದು ಅವನಂಥವರು ಯೋಚಿಸುತ್ತಿದ್ದಾಗ, ಬಂಗಾರಪೇಟೆಯ ಕಡೆ ಅಗ್ಗಕ್ಕೆ ಜಾಗ ಸಿಗುತ್ತದೆ ಎಂಬ ಮಾತು ರಾಬರ್ಟ್‌ಸನ್‌ಪೇಟೆಯ ಹೋಟೆಲಿನವರೆಗೂ ಬಂತು. ಮಾರಿದವರು ಪಟೇಲ ಶ್ರೀರಾಮಪ್ಪ. ಫಿರಂಗಿಯ ವಿಷಯ ಕೇಳಿದ್ದಕ್ಕೆ ಪಟೇಲರು ನಕ್ಕು, ಭೂಮಿಯೊಳಗೆ ಕೂತು ಮದ್ದು ಸಿಡಿಸಿದವರಿಗೆ ಇದೊಂದು ಸದ್ದೇ ಎಂದಿದ್ದರು. ಗಣಿಯವರಿಗೂ ಅದು ಸರಿಯೆನಿಸಿತು.

ಆ ಬೀಳಿನಲ್ಲಿ ಮನೆ ಕಟ್ಟಕೂಡದು ಎಂಬುದು ಪಟೇಲರಿಗೆ ಗೊತ್ತಿತ್ತು. ಯುದ್ಧದ ಕಾಲದಲ್ಲಿ ಕಲ್ಲು ನೆಟ್ಟಾಗಲೇ ಹೊಂಗೆಮರದಿಂದ ಕಲ್ಲಿನವರೆಗಿನ ನೆಲವನ್ನು ಖಾಲಿ ಬಿಡಬೇಕೆಂದು ಮಿಲಿಟರಿಯವರು ಬರೆಸಿಕೊಂಡಿದ್ದರು. ಗುಂಡು ಗುರಿ ತಪ್ಪಬಹುದು, ದನಕರು ಕಲ್ಲು ದಾಟಬಹುದು ಎಂಬ ಎಚ್ಚರಿಕೆಗೆ. ವರ್ಷಕ್ಕೊಮ್ಮೆ ಪಟೇಲರು ಅಲ್ಲಿ ಯಾರೂ ವಾಸವಿಲ್ಲ ಎಂದು ಬರೆದು ರುಜು ಹಾಕಿ ಕಳಿಸುತ್ತಿದ್ದರು. ಹತ್ತೊಂಬತ್ತು ಮನೆ ಎದ್ದ ಮೇಲೂ ಅದನ್ನೇ ಬರೆದರು.

ಐದು ತಿಂಗಳ ಹಿಂದೆ, ಸೆಪ್ಟೆಂಬರಿನ ಒಂದು ದಿನ, ಕುಪ್ಪುಸ್ವಾಮಿಯ ಹೆಂಡತಿ ಅಮ್ಮಾಜಮ್ಮ ಕಲ್ಲಿನಾಚೆ ಹೋದ ಆಡುಗಳನ್ನು ಹೊಡೆದು ತರಲು ಹೋಗಿ, ಫಿರಂಗಿಯ ಗುಂಡು ಸಿಡಿದು ಸತ್ತಳು. ವಿಚಾರಣೆಯಾಯಿತು. ದಿಬ್ಬದ ಮೇಲೆ ಎಚ್ಚರಿಕೆಯ ಬಾವುಟ ಹಾರುತ್ತಿತ್ತು, ಡಂಗುರ ಸಾರಿಸಿತ್ತು, ಆ ನೆಲದಲ್ಲಿ ಯಾರೂ ವಾಸವಿಲ್ಲವೆಂದು ಕಾಗದವಿತ್ತು. ಕಲ್ಲು ದಾಟಿದ್ದು ಹೆಂಗಸಿನ ತಪ್ಪು ಎಂದು ಬರೆದು ಮುಗಿಸಿದರು.

ಅವಳ ಪಕ್ಕದಲ್ಲಿ ಬಿದ್ದಿದ್ದ ಒಂದು ಕಬ್ಬಿಣದ ಚೂರನ್ನು ಕುಪ್ಪುಸ್ವಾಮಿ ತಂದು, ಅವಳು ಕುಂಕುಮದ ಭರಣಿ ಇಡುತ್ತಿದ್ದ ಗೂಡಿನಲ್ಲಿ ಇಟ್ಟ. ಬೆಳಿಗ್ಗೆ ಎದ್ದು ಮೊದಲು ಅದನ್ನು ನೋಡುತ್ತಿದ್ದ. ಪಟೇಲ ಕೊಂದ, ಪಟೇಲ ಕೊಂದ ಎಂದು ಮಾರಿಕುಪ್ಪಂ ರೈಲಿನಲ್ಲಿ, ಸಂತೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಗಣಿಯಲ್ಲಿ ಮದ್ದು ಸಿಡಿಸುವವನು ಸದ್ದನ್ನು ಎಣಿಸುತ್ತಾನೆ. ಹನ್ನೆರಡು ತೂತಿಗೆ ಹನ್ನೆರಡು ಸದ್ದು. ಎಣಿಕೆ ಸರಿಹೋಗಿ, ಹೊಗೆ ಆರಿತೆಂದರೆ ಒಳಗೆ ಹೋಗಬಹುದು. ಹೊಸ ಮನೆಗೆ ಬಂದ ಮೇಲೂ ಅವನ ಕಿವಿ ಎಣಿಸುವುದನ್ನು ಬಿಡಲಿಲ್ಲ. ಅಮ್ಮಾಜಮ್ಮ ಸತ್ತ ದಿನಕ್ಕೆ ಹಿಂದಿನ ಎರಡು ದಿನವೂ ಫಿರಂಗಿ ಹನ್ನೆರಡು ಸಲ ಹಾರಿ ನಿಂತಿತ್ತು. ಆ ದಿನವೂ ಹನ್ನೆರಡಾಯಿತು. ಅವನು ಅರ್ಧ ಗಂಟೆ ಕಾದ. ಬಾವುಟ ಇನ್ನೂ ಹಾರುತ್ತಿತ್ತು, ಇಳಿಸುವವನು ತಡಮಾಡಿದ್ದಾನೆಂದುಕೊಂಡು ಎಣಿಕೆಯನ್ನೇ ನಂಬಿದ. ಅಮ್ಮಾಜಮ್ಮ ಬಾಗಿಲಲ್ಲಿ ನಿಂತು ಹೋಗಲೋ ಬೇಡವೋ ಎಂದು ನೋಡಿದಾಗ, "ಮುಗೀತು, ಏನೂ ಆಗಲ್ಲ, ಹೋಗು" ಎಂದವನು ಅವನೇ. ಡಂಗುರ ಪಾಳ್ಯಕ್ಕೆ ಬಂದಿದ್ದರೆ ಸಂಜೆ ಐದರವರೆಗೂ ಫೈರಿಂಗ್ ಇದೆಯೆಂಬುದು ತಿಳಿಯುತ್ತಿತ್ತು. ಬಂದಿರಲಿಲ್ಲ. ಹದಿಮೂರನೆಯದು ಬಂತು.

ಈ ಸಲ ಶನಿವಾರ ಫೈರಿಂಗ್ ಎಂದು ಬಚ್ಚಪ್ಪ ಹೊಂಗೆಮರದಡಿ ಸಾರಿದ್ದ. ಅದೇ ವಾರ ಪಟೇಲರ ಹುಣಸೆತೋಪಿನಲ್ಲಿ ಕಾಯಿ ಉದುರಿಸಬೇಕಿತ್ತು. ತೋಪು ಕಲ್ಲಿನಾಚೆ, ಮಿಲಿಟರಿಯ ನೆಲದೊಳಗೆ ಸಿಕ್ಕಿಕೊಂಡಿತ್ತು. ಫೈರಿಂಗ್ ಇಲ್ಲದಾಗ ಹೋಗಿ ಫಸಲು ತರಲು ಪಟೇಲರಿಗೆ ಪರವಾನಗಿಯಿತ್ತು. ಮೊದಲ ಮರಕ್ಕೆ ಮೊದಲ ಬಿದಿರ ಗಳು ಹಾಕುವುದು ಪಟೇಲರ ಕೈಯೇ ಆಗಬೇಕು, ಅದು ಅವರ ಮನೆತನದ ಪದ್ಧತಿ. ಶನಿವಾರ ಒಳ್ಳೆಯ ದಿನವೆಂದು ಗೊತ್ತು ಮಾಡಿಸಿದ್ದರು. ಬಂಗಾರಪೇಟೆಯ ಮಂಡಿಯವನ ಗಾಡಿಯೂ ಬಂದು ನಿಂತಿತ್ತು. ಎಷ್ಟೋ ಸಲ ಮಿಲಿಟರಿಯವರು ಮಧ್ಯಾಹ್ನಕ್ಕೇ ಮುಗಿಸಿ ದಿಬ್ಬದ ಮೇಲಿನ ಕೆಂಪು ಬಾವುಟ ಇಳಿಸುವುದುಂಟು. ಇಳಿದರೆ ಹೋಗೋಣವೆಂದು ಪಟೇಲರು ಆಳುಗಳಿಗೆ ಹೇಳಿದ್ದಾರೆಂದು ಬಚ್ಚಪ್ಪನೇ ಹರಟೆಯಲ್ಲಿ ಹೇಳಿದ.

ಬಾವುಟವನ್ನು ಬೆಳಿಗ್ಗೆ ಒಬ್ಬ ಮಿಲಿಟರಿ ಜವಾನ ಬಂದು ಏರಿಸುತ್ತಿದ್ದ. ಮುಗಿದ ಮೇಲೆ ಬಂದು ಇಳಿಸುತ್ತಿದ್ದ. ನಡುವೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಶನಿವಾರ ಹನ್ನೊಂದರ ಹೊತ್ತಿಗೆ ಒಂಬತ್ತು ಗುಂಡು ಹಾರಿ ಫಿರಂಗಿಗಳು ನಿಂತವು. ಆಚೆಯ ಬಯಲಿನಲ್ಲಿ ಸಿಪಾಯಿಗಳು ಚಹಾ ಕುಡಿಯುವ ಹೊತ್ತು, ಫೈರಿಂಗ್ ಇನ್ನೂ ಮುಗಿದಿರಲಿಲ್ಲ. ಕುಪ್ಪುಸ್ವಾಮಿ ದಿಬ್ಬ ಹತ್ತಿ, ಹಗ್ಗ ಬಿಚ್ಚಿ, ಬಾವುಟ ಇಳಿಸಿ ಮಡಚಿ ಅಂಗಿಯೊಳಗೆ ಇಟ್ಟುಕೊಂಡು, ಬಂಡೆಯ ಮರೆಯಲ್ಲಿ ಕುಳಿತ. ಬದುಕಿನಲ್ಲಿ ಎಷ್ಟೋ ಸಾವಿರ ತೂತುಗಳಿಗೆ ಮದ್ದು ತುಂಬಿದ ಕೈ ಅವನದು. ಇದೂ ಒಂದು ಎಂದುಕೊಂಡ. ಪಟೇಲ ಮರದಡಿ ನಿಲ್ಲಬೇಕು, ತಲೆಯೆತ್ತಿ ಗಳು ಎತ್ತಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಸ್ವಲ್ಪ ಹೊತ್ತಿಗೆ ಪಟೇಲರು ಬಂದರು. ಮುಂದೆ ಗಳು ಹೊತ್ತ ಇಬ್ಬರು ಗಂಡಾಳು, ಹಿಂದೆ ಪೊರಕೆ, ಮಂಕರಿ ಹಿಡಿದ ಪಿಳ್ಳಮ್ಮ, ಓಬಳಮ್ಮ. ಕಲ್ಲಿನ ಸಾಲಿಗೆ ಬಂದದ್ದೇ ಪಟೇಲರು ನಿಂತುಬಿಟ್ಟರು. ಗಂಡಾಳುಗಳನ್ನೂ ನಿಲ್ಲಿಸಿಕೊಂಡರು. ಹೆಂಗಸರು ಮೊದಲು ಹೋಗಿ ಮರದಡಿಯ ಕಸ ಗುಡಿಸಲಿ, ಆಮೇಲೆ ಗಳು ಎಂದರು.

ಹೆಂಗಸರಿಬ್ಬರೂ ಒಳಗೆ ಹೋದರು. ದಿಬ್ಬದ ಕೆಳಗೇ ತೋಪು. ಅವರ ಮಾತು ಮೇಲಕ್ಕೆ ಚೆನ್ನಾಗಿ ಕೇಳುತ್ತಿತ್ತು.

"ನೋಡೇ, ಪಟೇಲ್ರು ಕಲ್ಲಿನತ್ರನೇ ನಿಂತವ್ರೆ. ಮದ್ವೆ ಗಂಡು ಒಸ್ಲು ದಾಟಾಕೆ ಶಾಸ್ತ್ರ ಕಾಯ್ದಂಗೆ" ಎಂದಳು ಓಬಳಮ್ಮ.

"ನೀನೇ ಓಗಿ ಆರತಿ ಎತ್ತಿ ಕರ್ಕೊಂಡ್ ಬಾ" ಎಂದಳು ಪಿಳ್ಳಮ್ಮ. ಇಬ್ಬರೂ ನಕ್ಕರು. ಆಮೇಲೆ ಪಿಳ್ಳಮ್ಮನಿಗೆ ಏನನ್ನಿಸಿತೋ, ಪೊರಕೆ ನಿಲ್ಲಿಸಿ ಬಯಲಿನ ಕಡೆ ನೋಡಿದಳು. ಜವಾನ ಎಲ್ಲೂ ಕಾಣುತ್ತಿಲ್ಲವಲ್ಲ, ನಿಜವಾಗಿಯೂ ಮುಗಿಯಿತೇ ಎಂದು ಪಟೇಲರನ್ನು ಕೂಗಿ ಕೇಳಿದಳು.

ಕಲ್ಲಿನ ಹೊರಗೆ ನಿಂತು ಪಟೇಲರು ಕೈ ಬೀಸಿದರು. "ಮುಗೀತು. ಏನೂ ಆಗಲ್ಲ, ಓಗು."

ಬಂಡೆಯ ಮರೆಯಲ್ಲಿ ಕುಪ್ಪುಸ್ವಾಮಿ ಎದ್ದು ನಿಂತ. ಅದು ಅವನದೇ ಮಾತು. ಐದು ತಿಂಗಳಿಂದ ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು, ಆ ಮನುಷ್ಯನ ಬಾಯಿಂದ ಬಂದಿತ್ತು. ಆ ಹೆಂಗಸು ಅಮ್ಮಾಜಮ್ಮನ ಹಾಗೆಯೇ ಒಂದು ಗಳಿಗೆ ಅನುಮಾನಿಸಿ, ಹೇಳಿದವರ ಮಾತು ನಂಬಿ, ಮತ್ತೆ ಬಗ್ಗಿ ಗುಡಿಸತೊಡಗಿದಳು.

ಅವನು ಬಾವುಟವನ್ನು ಹೊರಗೆಳೆದು ತಲೆಯ ಮೇಲೆ ಬೀಸುತ್ತ ದಿಬ್ಬ ಇಳಿದು ಓಡಿದ. ಸಿಡಿಸುವ ಮುನ್ನ ಗಣಿಯೊಳಗೆ ಕೂಗುವ ಕೂಗು ತಾನಾಗಿ ಬಾಯಿಗೆ ಬಂತು. "ಫೈರ್! ಫೈರ್!" ಆ ಕೂಗಿನ ಅರ್ಥ ಹೆಂಗಸರಿಗೆ ತಿಳಿಯಲಿಲ್ಲ. ಅವರಿಗೆ ಕಂಡದ್ದು ಹೆಂಡತಿ ಸತ್ತ ಮೇಲೆ ತಲೆ ಕೆಟ್ಟಿದೆಯೆಂದು ಊರು ಹೇಳುತ್ತಿದ್ದ ಗಣಿಯವನು, ಕೈಯಲ್ಲಿ ಕೆಂಪು ಬಟ್ಟೆ ಹಿಡಿದು ಮೇಲೆ ಬೀಳಲು ಬರುತ್ತಿರುವುದು. ಮಂಕರಿ ಬಿಸಾಡಿ ಕಲ್ಲಿನ ಕಡೆಗೆ ಓಡಿದರು. ಅವನು ಬಿಡದೆ ಅಟ್ಟಿದ. ಪಟೇಲರೂ ಪಂಚೆ ಎತ್ತಿಕಟ್ಟಿ ಓಡಿದರು. ಎಲ್ಲರೂ ಬೀಳಿನ ನಡುವೆ ಬಂದಾಗ ಹಿಂದೆ ನೆಲ ನಡುಗಿತು. ತಿರುಗಿ ನೋಡಿದರೆ ತೋಪಿನ ಮೊದಲ ಮರ ಬುಡದವರೆಗೂ ಸೀಳಿ ಬಿದ್ದಿತ್ತು. ಪಿಳ್ಳಮ್ಮನ ಪೊರಕೆ ಅಲ್ಲೇ ಎಲ್ಲೋ ಇತ್ತು.

ಉಸಿರು ಹಿಂದಿರುಗಿದ ಮೇಲೆ ಪಟೇಲರ ಕಣ್ಣು ಅವನ ಕೈಯಲ್ಲಿದ್ದ ಬಾವುಟದ ಮೇಲೆ ಬಿತ್ತು.

"ಇಳಿಸ್ದೋನು ನೀನೇನಾ? ನಿನ್ನ ಜೈಲಿಗೆ ಆಕಿಸ್ತೀನಿ ಕಣ್ಲಾ."

"ಹಾಕ್ಸಿ. ನಾನೇ ಬಂದು ಹೇಳ್ತೀನಿ. ನೀವೂ ಬನ್ನಿ. ಆ ಕಾಗದಾನೂ ತನ್ನಿ."

ಮುಂದಿನ ವಾರ ಬಂಗಾರಪೇಟೆಯಲ್ಲಿ ಅಮಲ್ದಾರರ ಮುಂದೆ ವಿಚಾರಣೆ ನಡೆಯಿತು. ಮಿಲಿಟರಿಯ ಕ್ಯಾಪ್ಟನ್ ಒಬ್ಬ ನಕ್ಷೆ ಹಿಡಿದು ಬಂದಿದ್ದ. ಕುಪ್ಪುಸ್ವಾಮಿ ಬಾವುಟ ಇಳಿಸಿದ್ದನ್ನು, ಯಾಕೆ ಇಳಿಸಿದೆನೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಆಮೇಲೆ, ಯಾರೂ ಕೇಳದಿದ್ದರೂ, ಅಮ್ಮಾಜಮ್ಮನನ್ನು ಕಲ್ಲಿನಾಚೆ ಕಳಿಸಿದವನು ತಾನೇ ಎಂದೂ ಹೇಳಿದ. ಎಣಿಕೆಯ ವಿಷಯ ಹೇಳಿದ. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ.

"ನಾನು ತಪ್ಪೆಣಿಸಿದೆ ಸ್ವಾಮಿ. ಆದ್ರೆ ನಾವು ಹತ್ತೊಂಬತ್ತು ಮನೆ ಇದ್ದೀವಿ. ನಮ್ಮನ್ನ ಯಾರೂ ಎಣಿಸ್ಲೇ ಇಲ್ಲ."

ಕ್ಯಾಪ್ಟನ್ ಸಿಟ್ಟಿನಿಂದಲೇ ಮಾತಾಡಿದ. ಜನರಿಲ್ಲದ ನೆಲವೆಂದು ಕೊಟ್ಟದ್ದಕ್ಕೆ ನಾವು ಅಲ್ಲಿ ಹಾರಿಸುತ್ತಿದ್ದೇವೆ, ನಾವು ಹಾರಿಸುವುದನ್ನು ಕಲಿಯುವುದೆಲ್ಲಿ, ಬೀಳಿನಲ್ಲಿ ಮನೆಯೇಳುವಾಗ ಒಂದು ಕಾಗದ ಬರೆದಿದ್ದರೆ ಅಂದೇ ತಡೆಯುತ್ತಿದ್ದೆವು ಎಂದ. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಕಾಗದ ನೋಡಿದ್ದಲ್ಲದೆ ನೆಲ ನೋಡಲು ಯಾರಾದರೂ ಬಂದಿದ್ದರೇ ಎಂದು ಅಮಲ್ದಾರರು ಕೇಳಿದಾಗ ಅವನು ನಕ್ಷೆ ಮಡಚತೊಡಗಿದ.

ಪಟೇಲರು ಕೊನೆಗೆ ಬಾಯಿಬಿಟ್ಟರು. "ನಾನು ಬರೆದಿದ್ರೆ ಮಾರನೇ ದಿನಾನೇ ಇವ್ರ ಮನೆಗಳ್ನ ಕೆಡವಿಸ್ತಿದ್ರು ಸ್ವಾಮಿ. ಇವ್ರಿಗೆ ಬೇರೆ ಯಾವನು ಜಾಗ ಕೊಟ್ಟ?"

ಆ ಮಾತು ನಿಜವೆಂದು ಕುಪ್ಪುಸ್ವಾಮಿಗೂ ಗೊತ್ತಿತ್ತು. ಅದರಿಂದ ದ್ವೇಷವೇನೂ ಕಡಿಮೆಯಾಗಲಿಲ್ಲ.

ತೀರ್ಮಾನ ಹೀಗಾಯಿತು. ಹೊಂಗೆಮರದಿಂದಾಚೆ ಇನ್ನು ಮನೆಯೇಳಕೂಡದು. ಇರುವ ಹತ್ತೊಂಬತ್ತು ಮನೆಗೆ ಮರದ ಈಚೆ ಪಟೇಲರ ಸ್ವಂತ ಹೊಲದಲ್ಲಿ ಬದಲಿ ಜಾಗ. ಮನೆಗಳು ಏಳುವವರೆಗೆ ಬಾವುಟದ ಬಳಿ ದಿನವಿಡೀ ಒಬ್ಬ ಸಿಪಾಯಿ. ಸಾರಬೇಕಾದ ಊರುಗಳ ಪಟ್ಟಿಯಲ್ಲಿ ಪಾಳ್ಯವನ್ನೂ ಸೇರಿಸಬೇಕು, ಪ್ರತಿ ಸಲವೂ ಪಟ್ಟಿಯನ್ನು ಪಟೇಲರೇ ಕೈಯಾರೆ ಬರೆದು ರುಜು ಹಾಕಬೇಕು. ಬಾವುಟ ಇಳಿಸಿದ್ದಕ್ಕೆ ಕುಪ್ಪುಸ್ವಾಮಿಯ ಮೇಲೆ ಮೊಕದ್ದಮೆ.

ಗುಮಾಸ್ತ ಲೇಖನಿ ಎತ್ತಿ, ಪಾಳ್ಯದ ಹೆಸರೇನು ಎಂದು ಕೇಳಿದ. ಅದಕ್ಕೆ ಹೆಸರಿರಲಿಲ್ಲ. ಊರಿನವರು ಗಣಿಯವರ ಮನೆಗಳು ಎನ್ನುತ್ತಿದ್ದರು, ಅಷ್ಟೆ.

"ಅಮ್ಮಾಜಮ್ಮನ ಪಾಳ್ಯ" ಎಂದ ಕುಪ್ಪುಸ್ವಾಮಿ, ಪಟೇಲರ ಮುಖ ನೋಡುತ್ತ.

ಮೂರು ತಿಂಗಳು ಕೋಲಾರದ ಜೈಲಿನಲ್ಲಿದ್ದು ಅವನು ಬಂದಾಗ ಹೊಂಗೆಮರದ ಈಚೆ ಏಳು ಮನೆಗಳ ಪಾಯ ಎದ್ದಿತ್ತು. ಆಡುಗಳನ್ನು ಪಿಳ್ಳಮ್ಮ ಮೇಯಿಸಿಕೊಂಡಿದ್ದಳು. ಅವು ನಾಲ್ಕರಿಂದ ಆರಾಗಿದ್ದವು.

ಮುಂದಿನ ಫೈರಿಂಗಿನ ತಿಳಿವಳಿಕೆ ಬಂದ ದಿನ ಕುಪ್ಪುಸ್ವಾಮಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಅಂಗಿ ತೊಟ್ಟು ಚಾವಡಿಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ. ಬಚ್ಚಪ್ಪ ತಮಟೆಯನ್ನು ಬಿಸಿಲಿಗೆ ಕಾಯಿಸುತ್ತಿದ್ದ. ಒಳಗೆ ಪಟೇಲರು ತಲೆಯೆತ್ತದೆ ಬರೆಯುತ್ತಿದ್ದರು. ಒಂದು ಕಡೆ ಲೇಖನಿ ನಿಂತು, ಮತ್ತೆ ಓಡಿತು.

ಸಾರುವ ಮುನ್ನ ಪಟ್ಟಿಯನ್ನು ತೋಟಿಗೆ ಓದಿ ಹೇಳುವುದು ಪದ್ಧತಿ, ಅವನಿಗೆ ಓದು ಬಾರದು. ಪಟೇಲರು ಓದಿದರು. ಊರು, ಮೇಗಲಕೇರಿ, ಕುರುಬರಹಟ್ಟಿ. ಕೊನೆಯ ಹೆಸರನ್ನು ಕಾಗದಕ್ಕೆ ಮುಖ ಬಗ್ಗಿಸಿ ತುಟಿಯೊಳಗೇ ಓದಿ ಮುಗಿಸಿದರು.

"ಬಚ್ಚಪ್ಪನಿಗೆ ಕೇಳಿಸ್ಲಿಲ್ಲ ಸ್ವಾಮಿ" ಎಂದ ಕುಪ್ಪುಸ್ವಾಮಿ ಮೆಟ್ಟಿಲ ಮೇಲಿಂದ. "ಇನ್ನೊಂದ್ಸಲ ಓದಿ."

ಬಚ್ಚಪ್ಪ ತಮಟೆಯ ಮೇಲಿಟ್ಟ ಕೈಯನ್ನು ಹಾಗೇ ತಡೆದುಕೊಂಡು ಕಾದ. ಪಟೇಲರು ಈ ಸಲ ಗಟ್ಟಿಯಾಗಿ ಓದಿದರು. ಮುಂದಿನ ತಿಂಗಳೂ ಓದಬೇಕಿತ್ತು. ಅದರ ಮುಂದಿನ ತಿಂಗಳೂ.

ಕುಪ್ಪುಸ್ವಾಮಿ ಎದ್ದು ಧೂಳು ಕೊಡವಿಕೊಂಡು ತಮಟೆಯ ಹಿಂದೆ ನಡೆದ. ಹೊಂಗೆಮರದ ಬಳಿ ಬಚ್ಚಪ್ಪ ರೂಢಿಯಂತೆ ನಿಂತ. ಆಮೇಲೆ ನೆನಪಾಗಿ ಮುಂದಕ್ಕೆ ಹೆಜ್ಜೆ ಹಾಕಿದ.