ಏರುಪೇರು

ಕಾತ್ಯಾಯಿನಿ ಚಟ್ಟದ ಮೇಲಿದ್ದ ಗಂಡನ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದಾಗ ಗೇಟಿನ ಬಳಿ ಚಪ್ಪಲಿ ಬಿಟ್ಟು ಒಳಬಂದವನು ಪ್ರಮೋದ್. ಔಷಧ ಕಾರ್ಖಾನೆಯಲ್ಲಿ ಅವಳ ಗಂಡ ರಾಮಪ್ರಸಾದರ ಕೈಕೆಳಗೆ ಕೆಲಸ ಕಲಿತವನು. ಅವರು ಕೆಲಸ ಕಳೆದುಕೊಂಡ ಮೇಲೆ ಹನುಮಂತನಗರದ ಈ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಅವರ ಫೋನೂ ಎತ್ತುತ್ತಿರಲಿಲ್ಲ.

“ಮೇಡಂ, ಸಾರ್ ಹೇಳಿದ್ದೇ ಸರಿಯಾಯ್ತು,” ಎಂದ.

“ಬೇಗ ಬೇಗ ಆಗ್ಲಿ,” ಎಂದರು ಪುರೋಹಿತರು. ಕಾತ್ಯಾಯಿನಿಯ ಕೈ ಅಲ್ಲೇ ನಿಂತಿತ್ತು.

*

ಕಾರ್ಖಾನೆಗೆ ಹೊಸ ಯಂತ್ರ ಬಂದಿತ್ತು. ಹೃದ್ರೋಗಿಗಳ ಮಾತ್ರೆ ಒತ್ತುವ ಯಂತ್ರ. ಹಳೆಯದರ ಮಾತ್ರೆಗಳಲ್ಲೂ ಹೊಸದರಲ್ಲೂ ಮದ್ದಿನ ಸರಾಸರಿ ಒಂದೇ. ಆದರೆ ಹೊಸದರಲ್ಲಿ ಒಂದು ಮಾತ್ರೆಗೆ ಮದ್ದು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತಿದೆಯೆಂಬ ಅನುಮಾನ ರಾಮಪ್ರಸಾದರದು. ಊಟಕ್ಕೆ ಕೂತವರು ಅನ್ನ ಕಲೆಸದೆ ಕಾತ್ಯಾಯಿನಿಗೆ ಹೇಳಿದ್ದರು:

“ಹಳೇದಕ್ಕಿಂತ ಹೊಸದರ ಏರುಪೇರು ಎಷ್ಟು ಪಟ್ಟು ಅಂತ ಲೆಕ್ಕ ಹಾಕ್ದೆ. ಪರೀಕ್ಷೆ ಮಾಡಿರೋ ಮಾತ್ರೆ ಕಮ್ಮಿ. ಅದಕ್ಕೇ ಒಂದೇ ಉತ್ತರ ಸಿಗಲ್ಲ, ಇಷ್ಟರಿಂದ ಇಷ್ಟರೊಳಗೆ ಅಂತ ಸಿಗತ್ತೆ. ಕಾನ್ಫಿಡೆನ್ಸ್ ಇಂಟರ್ವಲ್ ಅಂತೀವಿ. ಮುಕ್ಕಾಲು ಪಟ್ಟಿನಿಂದ ಮೂರು ಪಟ್ಟಿನವರೆಗೆ ಬಂತು. ಒಂದು ಪಟ್ಟು ಅಂದ್ರೆ ಎರಡೂ ಸಮ; ಅದೂ ಇದರೊಳಗೆ ಇದೆಯಲ್ಲ, ಎರಡೂ ಯಂತ್ರ ಸಮ ಅಂತ ಬರೀರಿ ಅಂದ್ರು ಮ್ಯಾನೇಜರು. ಮೂರು ಪಟ್ಟೂ ಇದರೊಳಗೇ ಇದೆಯಲ್ಲ ಸಾರ್, ಇನ್ನಷ್ಟು ಮಾತ್ರೆ ಪರೀಕ್ಷೆ ಮಾಡೋಣ ಅಂದೆ.”

“ಏನಂದ್ರು?”

“ನಾಳೆಯಿಂದ ಬರ್ಬೇಡಿ ಅಂದ್ರು.”

ಆಮೇಲೆ ಅವರು ಕಾರ್ಖಾನೆಯ ಗೇಟಿಗೆ ಅಲೆದರು, ಫೋನು ಮಾಡಿ ಮಾಡಿ ಸೋತರು. ಪಾರ್ಕಿಗೆ ವಾಕಿಂಗ್ ಬರುವವರಲ್ಲಿ ಯಾರೋ ಎದೆ ಹಿಡಿದುಕೊಂಡು ಹೋದರೆಂದು ಕೇಳಿದರೆ ಸಾಕು, “ಯಾವ ಮಾತ್ರೆ ತಗೋತಿದ್ರಂತೆ, ವಿಚಾರಿಸೇ,” ಎಂದು ಅವಳ ಬೆನ್ನು ಹತ್ತುತ್ತಿದ್ದರು. ಬರಬರುತ್ತಾ ತಟ್ಟೆಯ ಮುಂದೆ ಕೂತರೂ ಉಣ್ಣದಾದರು; ಹಾಗೇ ಸೊರಗಿ ಹೋಗಿಬಿಟ್ಟರು.

*

“ಏನು ಸರಿಯಾಯ್ತು?” ಕಾತ್ಯಾಯಿನಿ ಕೇಳಿದಳು.

“ಈ ಸಲ ಸಾವಿರಾರು ಮಾತ್ರೆ ಪರೀಕ್ಷೆ ಮಾಡಿದ್ವಿ ಮೇಡಂ. ಏರುಪೇರು ಒಂದೂಮುಕ್ಕಾಲು ಪಟ್ಟಿನಿಂದ ಎರಡೂಕಾಲು ಪಟ್ಟು. ಒಂದು ಪಟ್ಟು ಅದರೊಳಗೆ ಇಲ್ವೇ ಇಲ್ಲ. ಯಂತ್ರ ನಿಲ್ಸಿದ್ದಾರೆ.”

“ಯಾವತ್ತು ಗೊತ್ತಾಯ್ತು?”

ಪ್ರಮೋದ್ ತಲೆ ತಗ್ಗಿಸಿದ. “ಹೋದ ತಿಂಗಳು. ಸಾರ್‌ಗೆ ಫೋನ್ ಮಾಡೋಕೆ ಮುಖ ಇರ್ಲಿಲ್ಲ.”

“ಹೋದ ತಿಂಗಳು ಇದ್ರಲ್ಲಪ್ಪಾ! ಇಲ್ಲೇ, ಈ ಕುರ್ಚಿ ಮೇಲೆ ಕೂತಿದ್ರಲ್ಲ!”

ಗಂಡಸರು ಚಟ್ಟ ಎತ್ತಿ ವ್ಯಾನಿಗೆ ಸೇರಿಸಿದರು. ಬನಶಂಕರಿ ಚಿತಾಗಾರದಲ್ಲಿ ಹೊತ್ತು ನಿಗದಿಯಾಗಿತ್ತು. ಡ್ರೈವರ್ ಹಾರ್ನ್ ಹೊಡೆದ. ಹೆಂಗಸರು ತಡೆಯುವಷ್ಟರಲ್ಲಿ ಕಾತ್ಯಾಯಿನಿ ಪ್ರಮೋದನ ತೋಳು ಹಿಡಿದು ದರದರನೆ ಎಳೆದುಕೊಂಡು ಹೋಗಿ ವ್ಯಾನಿನೊಳಕ್ಕೆ ನೂಕಿದಳು.

“ನನಗಲ್ಲ. ಅವರಿಗೆ ಹೇಳು.”

ಅವನು ಮಂಡಿಯೂರಿ, ಹತ್ತಿ ತುರುಕಿದ ಕಿವಿಯ ಹತ್ತಿರ ಬಾಗಿದ. “ಸಾರ್... ಒಂದೂಮುಕ್ಕಾಲರಿಂದ...”

“ಜೋರಾಗಿ,” ಎಂದಳು ಕಾತ್ಯಾಯಿನಿ, ಯಾರೋ ಮುಚ್ಚಹೊರಟ ವ್ಯಾನಿನ ಬಾಗಿಲನ್ನು ಎರಡೂ ಕೈಯಲ್ಲಿ ತಡೆದು.